ಪರದೆ ಸರಿದ ಮೇಲೂ

ರಾತ್ರಿ ಹೊತ್ತು. ಕಾರ್ನಿವಲ್ ಮೈದಾನದಲ್ಲಿ ಹದಿನಾರು ವರ್ಷದ ಲಿಲಿ ಎತ್ತರದ ಏಣಿಯೊಂದನ್ನು ಹತ್ತುತ್ತಿದ್ದಾಳೆ. ಅಪ್ಪನ ಸ್ನೇಹಿತನನ್ನು ನಂಬಿ ಈ ಊರಿಗೆ ಬಂದವಳಿಗೆ ಸಿಕ್ಕಿದ್ದು ಅವನು ತೀರಿಕೊಂಡ ಸುದ್ದಿ. ಗಿರಾಕಿಗಳಿಗೆ ಊಟ ತಂದುಕೊಡುವ ಕೆಲಸವೊಂದು ಹೇಗೋ ಸಿಕ್ಕಿತ್ತು. ಜಾದೂ ಪ್ರದರ್ಶನ ನೋಡುತ್ತ ಮೈಮರೆತು ನಿಂತದ್ದಕ್ಕೆ ಅದೂ ಹೋಯಿತು. ಮೇಲೆ ಹತ್ತಿ ಏನು ಮಾಡಬೇಕೆಂದಿದ್ದಾಳೆ ಎನ್ನುವುದು ನೋಡುವವರಿಗೆಲ್ಲ ಗೊತ್ತು. ಆಗ ಅವಳನ್ನು ಯಾರೋ ಕರೆಯುತ್ತಾರೆ. ಕರೆದದ್ದು ಒಂದು ಗೊಂಬೆ. ಗೊಂಬೆಯಾಟದ ಪುಟ್ಟ ರಂಗದಿಂದ ತಲೆ ಎತ್ತಿದ, ಕೆಂಪು ಕೂದಲಿನ ಹುಡುಗನ ಗೊಂಬೆ.

ಲಿಲಿ ಇಳಿದು ಬರುತ್ತಾಳೆ, ಗೊಂಬೆಯ ಜೊತೆ ಮಾತಿಗೆ ನಿಲ್ಲುತ್ತಾಳೆ. ಒಬ್ಬರಾದ ಮೇಲೊಬ್ಬರು ಉಳಿದವರೂ ಹಾಜರಾಗುತ್ತಾರೆ: ರೆನಾರ್ಡೋ ಎಂಬ ಕಳ್ಳ ನರಿ, ತನ್ನ ಚೆಲುವಿನ ಬಗ್ಗೆ ಬಲು ಜಂಬವಿರುವ ನರ್ತಕಿ ಮಾರ್ಗರೀಟ್, ಗಾತ್ರ ದೊಡ್ಡದಾದರೂ ಪುಕ್ಕಲನಾದ ದೈತ್ಯ ಗೋಲೋ. ಕೆಂಗೂದಲ ಹುಡುಗ ಕ್ಯಾರಟ್ ಟಾಪ್ ಈ ಸಂಸಾರದ ಯಜಮಾನ. ಲಿಲಿ ಪ್ರತಿಯೊಬ್ಬರಿಗೂ ಅವರವರ ಸ್ವಭಾವ ನೋಡಿ ಉತ್ತರ ಕೊಡುತ್ತಾಳೆ. ನರಿಯನ್ನು ಗದರುತ್ತಾಳೆ, ಅಂಜುಬುರುಕ ಗೋಲೋಗೆ ಧೈರ್ಯ ಹೇಳುತ್ತಾಳೆ. ಅಷ್ಟರಲ್ಲಿ ಕಾರ್ನಿವಲ್ಲಿನ ಕೆಲಸಗಾರರು ಒಬ್ಬೊಬ್ಬರಾಗಿ ಬಂದು ಸುತ್ತ ನೆರೆದಿರುತ್ತಾರೆ. ದಿನವಿಡೀ ಬಣ್ಣ, ಬೆಳಕು, ಮೋಡಿಗಳನ್ನೇ ಮಾರಿ ಹೊಟ್ಟೆ ಹೊರೆಯುವ ಜನ. ಅವರಿಗೆ ತಿಳಿಯದ ಗುಟ್ಟು ಆ ಮೈದಾನದಲ್ಲಿ ಒಂದೂ ಇಲ್ಲ. ಅಂಥವರು ಉಸಿರು ಬಿಗಿಹಿಡಿದು ನಿಂತು ನೋಡುತ್ತಾರೆ. ಲಿಲಿಗೆ ಮಾತ್ರ ಅವರು ಬಂದದ್ದೇ ಗೊತ್ತಿಲ್ಲ.

1953ರಲ್ಲಿ ಎಂ.ಜಿ.ಎಂ. ಸಂಸ್ಥೆ ತೆರೆಗೆ ತಂದ ‘ಲಿಲಿ’ ಚಿತ್ರದ ದೃಶ್ಯ ಇದು. ಇದನ್ನು ಮತ್ತೆ ನೋಡುವಾಗಲೆಲ್ಲ ನನ್ನ ಕಣ್ಣು ಲಿಲಿಯ ಮುಖದ ಮೇಲಿರುತ್ತದೋ, ಅವಳನ್ನು ನೋಡುತ್ತ ನಿಂತವರ ಮುಖಗಳ ಮೇಲಿರುತ್ತದೋ ಹೇಳುವುದು ಕಷ್ಟ. ಗೊಂಬೆಗಳು ಚೆನ್ನಾಗಿಯೇ ಇವೆ. ಆದರೆ ಗೊಂಬೆಗಳನ್ನು ಆ ಕೆಲಸಗಾರರು ದಿನಾ ನೋಡುತ್ತಲೇ ಇದ್ದಾರೆ. ಅಂದು ಅವರನ್ನು ಕಟ್ಟಿ ನಿಲ್ಲಿಸಿದ್ದು, ಗೊಂಬೆಯನ್ನು ಒಬ್ಬಳು ಇಷ್ಟು ಪೂರ್ಣವಾಗಿ ಕೇಳಿಸಿಕೊಳ್ಳಬಲ್ಲಳು ಎಂಬ ಸಂಗತಿ. ಬೆರಗುಗೊಂಡವರನ್ನು ನೋಡುವುದೂ ಒಂದು ಬೆರಗು. ಚಿತ್ರದ ಕತೆ ಮುಂದೆ ಸಾಗುವುದೂ ಇದೇ ಜಾಡಿನಲ್ಲಿ: ಲಿಲಿಯನ್ನು ಗೊಂಬೆಯಾಟಕ್ಕೆ ಸೇರಿಸಿಕೊಳ್ಳುತ್ತಾರೆ, ಅವಳು ರಂಗದ ಮುಂದೆ ನಿಂತು ಗೊಂಬೆಗಳೊಡನೆ ಮಾತಾಡುವುದೇ ಆಟದ ಜೀವವಾಗುತ್ತದೆ, ಜನ ಮುಗಿಬೀಳುತ್ತಾರೆ.

ಚಿತ್ರ ಎಂಬತ್ತೊಂದು ನಿಮಿಷದ್ದು. ನಿರ್ದೇಶಕ ಚಾರ್ಲ್ಸ್ ವಾಲ್ಟರ್ಸ್ ನೃತ್ಯದ ಹಿನ್ನೆಲೆಯಿಂದ ಬಂದವರು. ಲಿಲಿಯಾಗಿ ನಟಿಸಿದ ಲೆಸ್ಲೀ ಕ್ಯಾರನ್ ಕೂಡ ಹಾಗೆಯೇ. ಪ್ಯಾರಿಸಿನಲ್ಲಿ ರೋಲಾಂ ಪೆಟೀ ಅವರ ಬ್ಯಾಲೆ ತಂಡದಲ್ಲಿದ್ದ ಹುಡುಗಿಯನ್ನು ಜೀನ್ ಕೆಲ್ಲಿ ಗುರುತಿಸಿ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಚಿತ್ರಕ್ಕೆ ಕರೆತಂದಿದ್ದರು. ಸಂಗೀತಚಿತ್ರ ಎಂದು ಹೆಸರು ಪಡೆದ ‘ಲಿಲಿ’ಯಲ್ಲಿ ಇರುವುದು ಒಂದೇ ಒಂದು ಹಾಡು, ಅದರ ಜೊತೆಗೆ ಕನಸಿನಂಥ ಕುಣಿತ. ಉಳಿದದ್ದೆಲ್ಲ ಕಣ್ಣೀರು ತುಂಬಿದ ಕತೆ. ಆರು ಆಸ್ಕರ್ ನಾಮನಿರ್ದೇಶನಗಳಲ್ಲಿ ಕೈಗೆ ಬಂದದ್ದು ಸಂಗೀತದ ಒಂದು ಪ್ರಶಸ್ತಿ.

ಕಾಲ ಈ ಚಿತ್ರದ ಮೇಲೆ ತನ್ನ ಗುರುತು ಬಿಟ್ಟಿದೆ. ಕತೆ ನಡೆಯುವುದು ಫ್ರಾನ್ಸಿನ ಸಣ್ಣ ಊರಿನಲ್ಲಿ, ಆದರೆ ಊರನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ. ಆಕಾಶವಂತೂ ಕುಂಚದಿಂದ ಬರೆದದ್ದು ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಟೆಕ್ನಿಕಲರ್‌ನ ಕೆಂಪು, ಹಳದಿಗಳು ನಿಜವಾದ ಯಾವ ಬೀದಿಯಲ್ಲೂ ಕಾಣಸಿಗದಷ್ಟು ಗಾಢ. ಎಲ್ಲರೂ ತಮ್ಮತಮ್ಮ ಉಚ್ಚಾರಣೆಯ ಇಂಗ್ಲಿಷನ್ನು ಆಡುತ್ತ ಫ್ರೆಂಚರಾಗಿ ಓಡಾಡುತ್ತಾರೆ. ಇವತ್ತಿನ ಪ್ರೇಕ್ಷಕರಿಗೆ ಇಲ್ಲಿಯ ಒಂದು ಹೊಲಿಗೆಯೂ ಮರೆಯಾಗಿ ಉಳಿದಿಲ್ಲ. ಅಷ್ಟಾಗಿಯೂ ಏಣಿಯ ದೃಶ್ಯ ಬಂದಾಗ ಎದೆ ಹಿಡಿದುಕೊಳ್ಳುತ್ತದೆ, ಕ್ಯಾರಟ್ ಟಾಪ್ ತಲೆ ಎತ್ತಿದಾಗ ಸಡಿಲವಾಗುತ್ತದೆ. ಇದು ಹೇಗೆ ಸಾಧ್ಯ ಎಂದು ನಾನು ಬಹಳ ಯೋಚಿಸಿದ್ದೇನೆ. ಉತ್ತರವನ್ನು ಚಿತ್ರವೇ ತನ್ನ ಕತೆಯೊಳಗೆ ಇಟ್ಟುಕೊಂಡಿದೆ ಎಂದು ಈಗೀಗ ಅನ್ನಿಸುತ್ತಿದೆ.

ಲಿಲಿ ಎರಡು ಸಲ ಬೆರಗಾಗುತ್ತಾಳೆ. ಮೊದಲನೆಯದು ಜಾದೂಗಾರ ಮಾರ್ಕ್‌ನನ್ನು ಕಂಡು. ಜ್ಯಾನ್ ಪಿಯೇರ್ ಓಮಾಂ ಮಾಡಿದ ಪಾತ್ರ: ನಗುಮುಖ, ಚುರುಕು ಬೆರಳು, ಹೆಣ್ಣುಮಕ್ಕಳ ಮನಸ್ಸನ್ನು ಸಲೀಸಾಗಿ ಗೆಲ್ಲುವ ಮಾತು. ಊರಿಗೆ ಬಂದ ಮೊದಲ ದಿನವೇ ಅಂಗಡಿಯವನೊಬ್ಬ ಲಿಲಿಯ ಮೇಲೆ ಕೈಹಾಕಲು ನೋಡಿದಾಗ ಬಿಡಿಸಿದವನು ಇವನು. ಅವಳ ಕಣ್ಣಿಗೆ ಇವನು ದೇವರಂತೆ ಕಾಣುವುದರಲ್ಲಿ ವಿಶೇಷವೇನಿಲ್ಲ. ಅವನ ಸಹಾಯಕಿ ರೋಸಲೀ ವೇದಿಕೆಯಾಚೆಗೆ ಅವನ ಹೆಂಡತಿಯೂ ಹೌದು. ಅದನ್ನು ಇಬ್ಬರೂ ಮುಚ್ಚಿಟ್ಟಿರುತ್ತಾರೆ. ಕೊನೆಗೆ ಮಾರ್ಕ್‌ನ ಮದುವೆಯ ಉಂಗುರ ಲಿಲಿಯ ಕೈಗೆ ಸಿಗುತ್ತದೆ. ಅಲ್ಲಿಗೆ ಆ ಬೆರಗು ಮುಗಿಯಿತು. ಜಾದೂವಿನ ಬೆರಗಿನ ಸ್ವಭಾವವೇ ಅಂಥದು. ಗುಟ್ಟು ಗೊತ್ತಾಗದಿರುವವರೆಗೆ ಮಾತ್ರ ಅದಕ್ಕೆ ಆಯಸ್ಸು. ತೋಳಿನೊಳಗೆ ಅಡಗಿಸಿದ ಇಸ್ಪೀಟೆಲೆ ಒಮ್ಮೆ ಕಂಡರೆ ಮುಂದೆ ಎಷ್ಟು ಸಲ ಆಡಿಸಿದರೂ ಕಣ್ಣು ತೋಳಿನ ಮೇಲೆಯೇ ಇರುತ್ತದೆ.

ಅವಳ ಎರಡನೆಯ ಬೆರಗು ಗೊಂಬೆಗಳನ್ನು ಕಂಡು. ಗೊಂಬೆಯಾಟದಲ್ಲಿ ಗುಟ್ಟು ಎಂಬುದೇ ಇಲ್ಲ. ಕೈಗವಸಿನ ಗೊಂಬೆಯ ಒಳಗಿರುವುದು ಕೈ ಎಂದು ಐದು ವರ್ಷದ ಮಗುವಿಗೂ ಗೊತ್ತು. ತೋರುಬೆರಳು ಕುತ್ತಿಗೆಯಾಗುತ್ತದೆ, ಹೆಬ್ಬೆರಳು ಒಂದು ತೋಳು, ಮಧ್ಯದ ಬೆರಳು ಇನ್ನೊಂದು ತೋಳು. ತೋರುಬೆರಳು ಸ್ವಲ್ಪ ಬಾಗಿದರೆ ಗೊಂಬೆಗೆ ನಾಚಿಕೆಯಾಗುತ್ತದೆ. ಮಣಿಕಟ್ಟು ಹಿಂದಕ್ಕೆ ವಾಲಿದರೆ ಅದು ಆಕಾಶ ನೋಡುತ್ತದೆ. ಎರಡು ಬೆರಳು ಒಟ್ಟಿಗೆ ಬಂದರೆ ಮುಖ ಮುಚ್ಚಿಕೊಂಡು ಅಳುತ್ತದೆ. ಬಣ್ಣ ಬಳಿದ ಮುಖದಲ್ಲಿ ಒಂದು ಗೆರೆಯೂ ಬದಲಾಗಿರುವುದಿಲ್ಲ. ಆ ಅಳುವನ್ನು ನಾವು ಗೊಂಬೆಗೆ ಕೊಟ್ಟಿರುತ್ತೇವೆ. ಜಾದೂಗಾರ ಪ್ರೇಕ್ಷಕರ ಕಣ್ಣು ತಪ್ಪಿಸಿ ಕೆಲಸ ಮಾಡಿದರೆ, ಗೊಂಬೆಯಾಟದವನಿಗೆ ಪ್ರೇಕ್ಷಕರ ಕಣ್ಣು ಬೇಕೇ ಬೇಕು. ಅವರು ಅರ್ಧ ಕೊಡದಿದ್ದರೆ ಅವನ ಬಳಿ ಇರುವುದು ಒಂದು ಬಟ್ಟೆ ತುಂಡು ಅಷ್ಟೆ. ಲಿಲಿ ಅರ್ಧವಲ್ಲ, ಪೂರ್ತಿ ಕೊಡುತ್ತಾಳೆ. ಅವಳನ್ನು ಪೆದ್ದಿ ಎಂದು ನೋಡುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ಗೊಂಬೆಯ ಹಿಂದೆ ಮನುಷ್ಯನಿದ್ದಾನೆ ಎಂಬುದು ಅವಳಿಗೆ ಗೊತ್ತು. ಮಾತಿನ ಹೊತ್ತಿನಲ್ಲಿ ಅದು ಅವಳ ನೆನಪಿನಿಂದ ಜಾರಿರುತ್ತದೆ, ಏಕೆಂದರೆ ಅವಳ ಲಕ್ಷ್ಯವೆಲ್ಲ ಎದುರಿಗಿರುವವನ ಮೇಲಿದೆ. ಇದು ತಿಳಿವಳಿಕೆಯ ಕೊರತೆಯಲ್ಲ, ಗಮನದ ಸಮೃದ್ಧಿ.

ಈ ಕತೆಯ ಬೇರು ಟೆಲಿವಿಷನ್ನಿನಲ್ಲಿದೆ. 1947ರಲ್ಲಿ ಶಿಕಾಗೋದಲ್ಲಿ ಬರ್ ಟಿಲ್‌ಸ್ಟ್ರಾಮ್ ಎಂಬ ಗೊಂಬೆಯಾಟದವರು ಶುರುಮಾಡಿದ ಕಾರ್ಯಕ್ರಮ ಮುಂದೆ ‘ಕುಕ್ಲಾ, ಫ್ರ್ಯಾನ್ ಆ್ಯಂಡ್ ಆಲೀ’ ಎಂದು ಮನೆಮಾತಾಯಿತು. ಕುಕ್ಲಾ, ಆಲೀ ಇಬ್ಬರೂ ಗೊಂಬೆಗಳು. ಫ್ರ್ಯಾನ್ ಆಲಿಸನ್ ಮನುಷ್ಯಳು. ಆಕೆ ಪುಟ್ಟ ರಂಗದ ಮುಂದೆ ನಿಂತು ಅವುಗಳ ಜೊತೆ ಹರಟುತ್ತಿದ್ದರು, ಬಹುಮಟ್ಟಿಗೆ ಬರೆದ ಸಂಭಾಷಣೆಯಿಲ್ಲದೆ, ಅಲ್ಲಲ್ಲೇ ಹುಟ್ಟಿದ ಮಾತುಗಳಲ್ಲಿ. ದೊಡ್ಡವರೂ ಕೂತು ನೋಡುತ್ತಿದ್ದ ಕಾರ್ಯಕ್ರಮ ಅದು. ಇದರ ಪ್ರೇರಣೆಯಿಂದ ಪಾಲ್ ಗ್ಯಾಲಿಕೋ 1950ರಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಗೆ ಒಂದು ಕತೆ ಬರೆದರು. ಗ್ಯಾಲಿಕೋ ಮೊದಲು ಹೆಸರು ಮಾಡಿದ್ದು ನ್ಯೂಯಾರ್ಕಿನ ಕ್ರೀಡಾ ವರದಿಗಾರನಾಗಿ. ಹೆಲೆನ್ ಡಾಯ್ಚ್ ಆ ಕತೆಯನ್ನು ಚಿತ್ರಕತೆಯಾಗಿಸಿದರು, ಚಿತ್ರದ ಹಾಡನ್ನು ಬರೆದವರೂ ಅವರೇ.

ಗೊಂಬೆಯ ಬಾಯಿಗೆ ಮನುಷ್ಯನಿಗಿಲ್ಲದ ಸಲಿಗೆ ಇದೆ. ನಮ್ಮ ತೊಗಲುಗೊಂಬೆಯಾಟದ ಹಾಸ್ಯಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಮಾಯಣದ ನಡುವೆಯೇ ನುಗ್ಗಿ ಬಂದು ಆ ಜೋಡಿ ಆಡುವ ಮಾತನ್ನು ಆಡಿಸುವವನು ತಾನಾಗಿ ಬೀದಿಯಲ್ಲಿ ನಿಂತು ಆಡಿದರೆ ಯಾರೂ ಸಹಿಸುವುದಿಲ್ಲ. ‘ಲಿಲಿ’ಯ ಗೊಂಬೆಯಾಟದವನಿಗೆ ಬೇಕಾದದ್ದು ಅದರ ವಿರುದ್ಧ ದಿಕ್ಕಿನ ಸಲಿಗೆ. ಬೈಯುವುದು ಅವನಿಗೆ ತಾನಾಗಿಯೇ ಬರುತ್ತದೆ. ಪ್ರೀತಿಯ ಮಾತಿಗೆ ಗೊಂಬೆ ಬೇಕಾಗುತ್ತದೆ.

ಅವನ ಹೆಸರು ಪಾಲ್ ಬರ್ಥಲೇ, ಪಾತ್ರ ಮಾಡಿದವರು ಮೆಲ್ ಫೆರರ್. ಒಂದು ಕಾಲದಲ್ಲಿ ಹೆಸರಾಂತ ನರ್ತಕ. ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಕುಂಟುತ್ತಾನೆ, ಇನ್ನು ಕುಣಿಯಲಾರ. ಒಳಗೆ ಹುಳಿ ಹಿಡಿದ ಮನಸ್ಸು. ಲಿಲಿಯ ಮೇಲೆ ಪ್ರೀತಿ ಹುಟ್ಟಿದೆ, ಅದನ್ನು ಎದುರು ನಿಂತು ಹೇಳುವ ಬಾಯಿ ಇಲ್ಲ. ಮಾರ್ಕ್‌ನ ಬಗ್ಗೆ ಅವಳು ಕನಸು ಕಾಣುತ್ತಿರುವುದನ್ನು ನೋಡಿ ಸಿಡುಕುತ್ತಾನೆ. ಕೊನೆಗೊಮ್ಮೆ ಅವಳ ಕೆನ್ನೆಗೆ ಹೊಡೆಯುತ್ತಾನೆ.

ಆ ಏಟಿನ ಮುಂದೆ ಬರೆದ ಆಕಾಶ, ಗಾಢ ಬಣ್ಣ ಎಲ್ಲ ಸಣ್ಣ ಸಂಗತಿಗಳು. ಚಿತ್ರದಲ್ಲಿ ನಿಜವಾಗಿ ಹಳತಾಗಿರುವುದು ಇದು. ಹೊಡೆದವನ ನೋವೇ ಹೊಡೆತಕ್ಕೆ ಸಮಜಾಯಿಷಿ ಎಂಬಂತೆ ಕತೆ ಮುಂದೆ ಹೋಗಿಬಿಡುತ್ತದೆ. ಹದಿನಾರರ ಅನಾಥೆ, ಸಂಬಳ ಕೊಡುವ ದೊಡ್ಡ ಗಂಡಸು, ಹೋಗಲು ಇನ್ನೊಂದು ಜಾಗವಿಲ್ಲದ ಸ್ಥಿತಿ: ಇದನ್ನು ಇವತ್ತು ಪ್ರೇಮಕತೆ ಎಂದು ಸಲೀಸಾಗಿ ನೋಡಲಾಗುವುದಿಲ್ಲ, ನೋಡಲೂಬಾರದು. ಚಿತ್ರ ಬಂದ ಮರುವರ್ಷ, 1954ರಲ್ಲಿ, ಗ್ಯಾಲಿಕೋ ತಮ್ಮ ಕತೆಯನ್ನು ‘ಲವ್ ಆಫ್ ಸೆವೆನ್ ಡಾಲ್ಸ್’ ಎಂಬ ಕಿರುಕಾದಂಬರಿಯಾಗಿ ಹಿಗ್ಗಿಸಿದರು. ಅಲ್ಲಿ ಹುಡುಗಿಯ ಹೆಸರು ಮೂಷ್, ಗೊಂಬೆಗಳು ಏಳು, ಗೊಂಬೆಯಾಟದವನಂತೂ ಕ್ರೂರಿಯೇ. ಅವನು ಅವಳನ್ನು ಘಾಸಿಗೊಳಿಸುತ್ತಾನೆ, ಅವನ ಗೊಂಬೆಗಳೇ ಅವಳನ್ನು ಸಂತೈಸುತ್ತವೆ. ಓದುವಾಗ ಮೈ ಜುಂ ಎನ್ನುತ್ತದೆ. ಚಿತ್ರ ಮೆತ್ತಗೆ ಮುಚ್ಚಿಟ್ಟದ್ದನ್ನು ಪುಸ್ತಕ ಬಿಚ್ಚಿಟ್ಟಿತು ಎನ್ನಬಹುದು. ಪುಸ್ತಕ ಓದಿದ ಮೇಲೆ ಚಿತ್ರದ ಪಾಲ್‌ನನ್ನು ಮೊದಲಿನ ಕಣ್ಣಿನಿಂದ ನೋಡಲು ನನಗೆ ಆಗಿಲ್ಲ. ಲಿಲಿಯ ಮೇಲಿನ ಅಕ್ಕರೆ ಮಾತ್ರ ಹೆಚ್ಚಾಗಿದೆ.

ಆ ಏಟನ್ನು ಕ್ಷಮಿಸದೆಯೇ ಮುಂದಿನ ದೃಶ್ಯಕ್ಕೆ ಬರುತ್ತೇನೆ, ಏಕೆಂದರೆ ಚಿತ್ರದ ಹೃದಯ ಅಲ್ಲಿದೆ.

ಲಿಲಿ ಹೊರಟುಬಿಡಲು ನಿರ್ಧರಿಸಿದ್ದಾಳೆ. ಮಾರ್ಕ್‌ನ ಮೋಹ ಇಳಿದಿದೆ, ಕೆನ್ನೆಯ ನೋವು ಇಳಿದಿಲ್ಲ. ಪೆಟ್ಟಿಗೆ ಹಿಡಿದು ಗೊಂಬೆರಂಗದ ಮುಂದೆ ಹಾಯುವಾಗ ಗೊಂಬೆಗಳು ಅವಳನ್ನು ಕರೆಯುತ್ತವೆ. ತಮ್ಮನ್ನೂ ಕರೆದುಕೊಂಡು ಹೋಗು ಎಂದು ಕೇಳುತ್ತವೆ. ಅವಳು ಅವುಗಳನ್ನು ಅಪ್ಪಿಕೊಳ್ಳುತ್ತಾಳೆ. ಅಪ್ಪಿಕೊಂಡಾಗ ತಿಳಿಯುತ್ತದೆ, ಗೊಂಬೆಗಳು ನಡುಗುತ್ತಿವೆ.

ಇಡೀ ಚಿತ್ರದಲ್ಲಿ ಗೊಂಬೆ ಮಾಡಿದ್ದೆಲ್ಲ ಆಡಿಸುವವನು ಬೇಕೆಂದು ಮಾಡಿಸಿದ್ದು. ಈ ನಡುಕವೊಂದನ್ನು ಅವನು ಮಾಡಿಸಲಿಲ್ಲ. ಅದು ಬಟ್ಟೆಯ ಒಳಗಿನ ಬೆರಳುಗಳದ್ದು. ದನಿ ಬದಲಾಯಿಸಿ ನಾಲ್ಕು ಜನರಾಗಬಲ್ಲ ಮನುಷ್ಯನಿಗೆ ತನ್ನ ಕೈ ನಡುಗುವುದನ್ನು ತಡೆಯಲಾಗಲಿಲ್ಲ. ಆ ಕ್ಷಣದಲ್ಲಿ ಲಿಲಿಗೆ ಹಿಂದಿರುವವನ ನೆನಪಾಗುತ್ತದೆ. ಪರದೆ ಎಳೆದುಬಿಡುತ್ತಾಳೆ. ಅಲ್ಲಿ ಪಾಲ್ ನಿಂತಿದ್ದಾನೆ.

ಸಾಮಾನ್ಯ ಕತೆಗಾರನಾಗಿದ್ದರೆ ಇಲ್ಲಿಗೆ ಅಪ್ಪುಗೆ ಹಾಕಿ ಮುಗಿಸುತ್ತಿದ್ದ. ಚಿತ್ರ ಹಾಗೆ ಮಾಡುವುದಿಲ್ಲ. ಪಾಲ್ ತಾನೇ ಕ್ಯಾರಟ್ ಟಾಪ್, ತಾನೇ ಗೋಲೋ, ನರಿಯೂ ನರ್ತಕಿಯೂ ತಾನೇ ಎಂದು ಬಿಚ್ಚಿ ಹೇಳುತ್ತಾನೆ. ಅವನ ಜಾಣತನ, ಅಂಜಿಕೆ, ಕಳ್ಳಬುದ್ಧಿ, ಜಂಬ ಎಲ್ಲವೂ ಒಂದೊಂದು ಗೊಂಬೆಗೆ ಹಂಚಿಹೋಗಿವೆ. ಲಿಲಿ ಕೇಳಿಸಿಕೊಳ್ಳುತ್ತಾಳೆ, ಆಮೇಲೆ ಹೊರಟುಹೋಗುತ್ತಾಳೆ. ಹೋಗಬೇಕಾದದ್ದೇ. ತಾನು ಯಾರನ್ನು ಪ್ರೀತಿಸಿದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಗೊತ್ತಿಲ್ಲ.

ಊರಾಚೆಯ ದಾರಿ. ಹಿಂದೆ ಅದೇ ಬರೆದ ಆಕಾಶ. ನಡೆಯುತ್ತ ನಡೆಯುತ್ತ ಅವಳ ಕಲ್ಪನೆಯಲ್ಲಿ ನಾಲ್ಕೂ ಗೊಂಬೆಗಳು ಆಳೆತ್ತರವಾಗಿ ಜೊತೆಗೂಡುತ್ತವೆ. ಅವಳು ಒಂದೊಂದರ ಜೊತೆಗೂ ಕುಣಿಯುತ್ತಾಳೆ. ಕುಣಿಯುತ್ತಿದ್ದಂತೆ ಪ್ರತಿಯೊಂದೂ ಪಾಲ್ ಆಗಿ ಮಾರ್ಪಡುತ್ತದೆ. ಮೊದಲ ನೋಟದಲ್ಲಿ ಇದೊಂದು ಚೆಂದದ ಬ್ಯಾಲೆಯಾಗಿ ಮಾತ್ರ ಕಂಡಿತ್ತು. ಮರಳಿ ನೋಡಿದಾಗ ಗಮನಕ್ಕೆ ಬಂದದ್ದು ಬೇರೆ. ಕಾಲಿಗೆ ಪೆಟ್ಟು ತಿಂದ ನರ್ತಕನಿಗೆ ಕುಣಿತ ಮರಳಿ ಸಿಗುವುದು ಇಲ್ಲಿ, ಈ ಹುಡುಗಿಯ ಕಲ್ಪನೆಯೊಳಗೆ. ಅವನು ತನ್ನ ಗೊಂಬೆಗಳಿಗೆ ಜೀವ ಕೊಟ್ಟಿದ್ದ. ಈಗ ಅವಳು ಅವನಿಗೆ ಅದನ್ನೇ ಮಾಡುತ್ತಿದ್ದಾಳೆ, ಬಿಡಿಬಿಡಿಯಾಗಿ ಬಿದ್ದಿದ್ದ ನಾಲ್ಕು ತುಂಡುಗಳನ್ನು ಕೂಡಿಸಿ ಒಬ್ಬ ಮನುಷ್ಯನನ್ನಾಗಿ ಕಾಣುತ್ತಿದ್ದಾಳೆ. ಮಾರ್ಕ್‌ನ ಗುಟ್ಟು ತಿಳಿದಾಗ ಬೆರಗು ಸತ್ತಿತು. ಇಲ್ಲಿ ಪರದೆಯೇ ಸರಿದಿದೆ, ಕೈ ಕಂಡಿದೆ, ಕೈಯವನ ಒರಟುತನ ಮೊದಲೇ ಕಂಡಿತ್ತು. ಬೆರಗು ಇನ್ನೂ ಬದುಕಿದೆ, ಮೊದಲಿಗಿಂತ ದೊಡ್ಡದಾಗಿದೆ. ಏಣಿಯಿಂದ ತನ್ನನ್ನು ಇಳಿಸಿದ ದನಿ ಒಂದು ಜೀವಂತ ಗಂಟಲಿನಿಂದ ಬಂದಿತ್ತು ಎಂಬುದು ಗೊಂಬೆಯೇ ಕರೆದದ್ದಕ್ಕಿಂತ ಕಡಿಮೆ ಅಚ್ಚರಿಯೇನು?

ಹಾಡಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ‘ಹೈ ಲಿಲಿ, ಹೈ ಲೋ’ ಎಂಬ ಆ ಹಾಡು ವಾಲ್ಟ್ಸ್ ನಡಿಗೆಯದು, ಮೂರು ಮಾತ್ರೆಗಳ ಉಯ್ಯಾಲೆ. ಪೋಲೆಂಡಿನಿಂದ ಬಂದ ಬ್ರೋನಿಸ್ಲಾವ್ ಕೇಪರ್ ಅದರ ಸಂಗೀತಗಾರ. ಪ್ರೀತಿಯ ದುಃಖದ ಹಾಡು, ಆದರೆ ರಾಗ ಮಕ್ಕಳು ಗುನುಗುವಷ್ಟು ಸರಳ. ಚಿತ್ರದಲ್ಲಿ ಅದನ್ನು ಲಿಲಿಯೂ ಕ್ಯಾರಟ್ ಟಾಪ್ ಗೊಂಬೆಯೂ ಸೇರಿ ಹಾಡುತ್ತಾರೆ. ಲೆಸ್ಲೀ ಕ್ಯಾರನ್ ಅವರದು ಪಳಗಿದ ಗಾಯಕಿಯ ದನಿಯಲ್ಲ. ಅದು ಅಲ್ಲಲ್ಲಿ ತೆಳುವಾಗುತ್ತದೆ, ಆ ತೆಳುವೇ ಹಾಡಿಗೆ ಒಪ್ಪುತ್ತದೆ. 1966ರಲ್ಲಿ ಇಂಗ್ಲೆಂಡಿನ ಆಲನ್ ಪ್ರೈಸ್ ತಂಡ ಅದನ್ನು ಹಾಡಿ ಜನಪ್ರಿಯಗೊಳಿಸಿತು. 1974ರಲ್ಲಿ ಜಾಝ್ ಪಿಯಾನೋ ವಾದಕ ಬಿಲ್ ಎವನ್ಸ್ ‘ಇಂಟ್ಯುಯಿಷನ್’ ಆಲ್ಬಮ್ಮಿಗೆ ಅದನ್ನು ನುಡಿಸಿ, ತೀರಿಹೋದ ತಮ್ಮ ಸಂಗಾತಿಗೆ ಅರ್ಪಿಸಿದರು. ಗೊಂಬೆಯೊಂದು ಹಾಡಿದ ಹಾಡು, ಇಪ್ಪತ್ತು ವರ್ಷ ಕಳೆದು, ನಿಜವಾದ ಸಾವಿನ ಶೋಕವನ್ನು ಹೊರಲು ಸಮರ್ಥವಾಗಿತ್ತು. ಎವನ್ಸ್ ಅವರ ನುಡಿಸಾಣಿಕೆ ಕೇಳಿದ ಮೇಲೆ ಚಿತ್ರಕ್ಕೆ ಹಿಂದಿರುಗಿದರೆ ಆ ಸರಳ ರಾಗದ ತಳದಲ್ಲಿ ಎಷ್ಟು ಆಳವಿತ್ತು ಎಂಬುದು ಕಿವಿಗೆ ತಾಕುತ್ತದೆ.

ಲಿಲಿ ದಾರಿಯಿಂದ ಓಡಿ ಮರಳುತ್ತಾಳೆ. ಪಾಲ್‌ನ ತೋಳಿಗೆ ಸೇರುತ್ತಾಳೆ. ಇಬ್ಬರೂ ಮುತ್ತಿಡುವಾಗ ಗೊಂಬೆಗಳು ನೋಡಿ ಚಪ್ಪಾಳೆ ತಟ್ಟುತ್ತವೆ. ಈ ಕಡೆಯ ದೃಶ್ಯ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಪಾಲ್‌ನ ಎರಡೂ ಕೈಗಳು ಲಿಲಿಯನ್ನು ಬಳಸಿವೆ. ಗೊಂಬೆಗಳು ಅವನೇ ಎಂದು ಈಗಷ್ಟೇ ಅವನ ಬಾಯಿಂದ ಕೇಳಿದ್ದೇವೆ. ಹಾಗಿದ್ದರೆ ಚಪ್ಪಾಳೆ ತಟ್ಟುತ್ತಿರುವವರು ಯಾರು? ಕತೆಯೊಳಗೆ ಉತ್ತರ ಬೇಕೆಂದರೆ ಪಾಲ್‌ನ ಸಹಾಯಕ ಝಾಕೋ ಇದ್ದಾನೆ, ಅವನ ಹೆಗಲಿಗೆ ಹಾಕಬಹುದು. ಕತೆಯ ಹೊರಗಿನ ಉತ್ತರ ನನಗೆ ಹೆಚ್ಚು ಇಷ್ಟ. ಆ ಗೊಂಬೆಗಳನ್ನು ಮಾಡಿದವರು ಪಾಲ್ ವಾಲ್ಟನ್ ಮತ್ತು ಮೈಕೆಲ್ ಓರೂರ್ಕ್ ಎಂಬ ಜೋಡಿ. ನರಿಯನ್ನೂ ನರ್ತಕಿಯನ್ನೂ ಆಡಿಸಿದವರು ಅವರೇ. ಕ್ಯಾರಟ್ ಟಾಪ್‌ನ ಒಳಗಿದ್ದದ್ದು ಜಾರ್ಜ್ ಲ್ಯಾಟ್ಶಾ ಅವರ ಕೈ, ಗೋಲೋನ ಒಳಗೆ ವೋಲೋ ಎಂದೇ ಹೆಸರಾಗಿದ್ದ ಕಲಾವಿದರ ಕೈ. ಇಪ್ಪತ್ತರ ಆಸುಪಾಸಿನ ಲೆಸ್ಲೀ ಕ್ಯಾರನ್ ದಿನವಿಡೀ ಬಣ್ಣದ ತಲೆಗಳಿಗೆ ಮುಖಕೊಟ್ಟು ಮಾತಾಡುತ್ತಿದ್ದಾಗ ಕಟ್ಟೆಯ ಕೆಳಗೆ ಕೈ ಎತ್ತಿ ನಿಂತಿದ್ದವರು ಇವರು. ಗೊಂಬೆ ತೊಟ್ಟ ತೋಳನ್ನು ಎತ್ತಿ ಹಿಡಿದು ಐದು ನಿಮಿಷ ನಿಂತು ನೋಡಿ, ಭುಜ ಹೇಗೆ ಸೋಲುತ್ತದೆ ಎಂಬುದು ತಿಳಿಯುತ್ತದೆ.

ಇವರ ಹೆಸರು ಗೊತ್ತಾದ ಮೇಲೆ ಚಿತ್ರವನ್ನು ಮತ್ತೆ ಹಾಕಿದೆ. ನೋಡುವಾಗ ಲ್ಯಾಟ್ಶಾ ಅವರ ಬೆರಳುಗಳನ್ನೇ ಹಿಂಬಾಲಿಸಬೇಕು, ಎಲ್ಲಿ ಬಾಗುತ್ತವೆ, ಎಲ್ಲಿ ತಡೆಯುತ್ತವೆ ಎಂದು ಗುರುತಿಸಬೇಕು ಎಂದುಕೊಂಡೇ ಕೂತಿದ್ದೆ. ಲಿಲಿ ಏಣಿ ಹತ್ತಿದಳು, ಕ್ಯಾರಟ್ ಟಾಪ್ ಕರೆದ, ಅವಳು ಇಳಿದು ಬಂದು ತನ್ನ ಹೆಸರು ಹೇಳಿದಳು. ಬೆರಳುಗಳನ್ನು ನೋಡುವುದು ಅಲ್ಲಿಗೇ ನಿಂತುಹೋಯಿತು. ಅವನು ಮುಂದೇನು ಹೇಳುತ್ತಾನೆ ಎಂದು ಕೇಳುತ್ತ ಕೂತೆ.